ಲೆಸಿಯೇಲಿ ತಟ್ಟೆಗೆ ಕೈ ಅಡ್ಡ ಹಿಡಿದ ದಿನ

ದಪ್ಪಗಿರುವವರನ್ನು ಕಂಡರೆ ಸಾಕು, ಬುದ್ಧಿ ಹೇಳುವವರಿಗೆ ನಮ್ಮ ಮಾಂಗೆರೆ ಊರಿನಲ್ಲಿ ಬರವಿಲ್ಲ. "ಬಾಯಿ ಕಟ್ಟಬೇಕಮ್ಮ", "ನಾಲ್ಕು ಹೆಜ್ಜೆ ನಡೀಬೇಕಮ್ಮ" ಎಂದು ಬಿಟ್ಟಿ ಸಲಹೆ ಕೊಟ್ಟು ಹೋಗುತ್ತಾರೆ. ಆ ಗುಂಪಿಗೆ ಮುಂದಾಳು ನಾನೇ ಆಗಿದ್ದೆ. ನನ್ನ ಹೆಸರು ತೆಲೇಸಿಯಾ. ವಯಸ್ಸು ಅರವತ್ತೆಂಟು. ಬಾಯಿ ಸ್ವಲ್ಪ ಜೋರು. ನಾನು ಬುದ್ಧಿ ಹೇಳುತ್ತಿದ್ದದ್ದು ನನ್ನ ಅಣ್ಣನ ಮಗಳು ಲೆಸಿಯೇಲಿಗೆ.

ಅವಳಿಗೆ ಆಗ ನಲವತ್ನಾಲ್ಕು ವರ್ಷ, ನೂರ ಮೂವತ್ತೆಂಟು ಕಿಲೊ ತೂಕ. ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ. ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವವಳಿಗೆ ತನ್ನ ಮನೆಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಗಿತ್ತು, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಅವಳು ಮೂತ್ರ ಪರೀಕ್ಷೆಯ ಚೀಟಿ ಹಿಡಿದು ನಮ್ಮ ಮನೆಗೆ ಬಂದಳು.

"ಅತ್ತೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಾ ಇದೆಯಂತೆ. ಕಿಡ್ನಿಗೆ ಪೆಟ್ಟು ಬೀಳೋಕೆ ಶುರುವಾಗಿದೆ ಅಂದ್ರು ಡಾಕ್ಟ್ರು. ಅಮ್ಮಂಗೂ ಹೀಗೇ ಅಲ್ವಾ ಶುರುವಾಗಿದ್ದು?"

ಹೌದು, ಹೀಗೇ ಶುರುವಾಗಿತ್ತು. ನನ್ನ ಅತ್ತಿಗೆ, ಅಂದರೆ ಲೆಸಿಯೇಲಿಯ ಅಮ್ಮ, ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಆರು ವರ್ಷ ಕಳೆದಳು. ಕೊನೆಕೊನೆಗೆ ನೀರನ್ನೂ ಅಳೆದು ಕುಡಿಯಬೇಕಿತ್ತು. ಪಕ್ಕದಲ್ಲಿ ಕೂತು ಅಮ್ಮನ ಕೈ ನೀವುತ್ತಿದ್ದವಳು ಇದೇ ಲೆಸಿಯೇಲಿ.

"ನಂಗೆ ಆ ಕುರ್ಚಿ ಬೇಡ ಅತ್ತೆ," ಎಂದಳು. "ತೂಕ ಇಳಿಸೋ ಆಪರೇಷನ್ ಬಗ್ಗೆ ಕೇಳೋಣ ಅಂತ ಇದೀನಿ."

ನನಗೆ ಎಲ್ಲಿತ್ತೋ ಕೋಪ. "ಆಪರೇಷನ್ನಾ? ಬಾಯಿ ಕಟ್ಟೋಕಾಗದೆ ಹೊಟ್ಟೆ ಕತ್ತರಿಸ್ಕೊಳ್ತೀಯಾ? ಸೋಮಾರಿಗಳ ದಾರಿ ಕಣೇ ಅದು!"

ಅವಳು ಎದುರು ಮಾತಾಡಲಿಲ್ಲ. ನಾವು ಟೋಂಗಾ ದ್ವೀಪಗಳಿಂದ ಬಂದು ಇಲ್ಲಿ ನೆಲೆಸಿದ ಜನ. ನಮ್ಮಲ್ಲಿ ಸೋದರತ್ತೆ ಎಂದರೆ ಅಪ್ಪನಿಗಿಂತ ಒಂದು ಕೈ ಮೇಲು. ಅವಳ ಮಾತು ಮೀರುವವರಿಲ್ಲ, ಅವಳು ಬಡಿಸಿದರೆ ತಟ್ಟೆಗೆ ಕೈ ಅಡ್ಡ ಹಿಡಿಯುವವರೂ ಇಲ್ಲ. ಲೆಸಿಯೇಲಿ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೇಳಿದ್ದು ಇಷ್ಟೇ: "ನೀವೂ ಬನ್ನಿ ಅತ್ತೆ. ನರ್ಸ್ ಹೇಳೋದು ಕೇಳಿ. ಆಮೇಲೆ ನೀವು ಬೇಡ ಅಂದ್ರೆ ಬೇಡ."

ನರ್ಸ್ ಸೇಯಿನಿ ನಮ್ಮ ಚರ್ಚಿನವಳೇ. ಹಾಡುವ ಮೇಳದಲ್ಲಿ ನನ್ನ ಹಿಂದಿನ ಸಾಲಿನಲ್ಲಿ ನಿಲ್ಲುವವಳು. ಆದರೂ ಕ್ಲಿನಿಕ್ಕಿನಲ್ಲಿ ನನಗೆ ಏನೂ ರಿಯಾಯಿತಿ ತೋರಿಸಲಿಲ್ಲ.

"ಅಮ್ಮಾ, ಲೆಸಿಯೇಲಿ ಎಷ್ಟು ಸಲ ತೂಕ ಇಳಿಸಿದಾಳೆ ಗೊತ್ತಾ ನಿಮಗೆ?"

"ಇಳಿಸಿದ್ರೆ ಹೀಗ್ಯಾಕೆ ಇರ್ತಿದ್ಲು?"

"ನಾಲ್ಕು ಸಲ ಇಳಿಸಿದಾಳೆ. ಒಟ್ಟು ಅರವತ್ತು ಕಿಲೊ, ಅಂದ್ರೆ ಒಂದು ಪೂರ್ತಿ ಆಳಿನ ತೂಕ. ಪ್ರತಿ ಸಲನೂ ವಾಪಸ್ ಬಂದಿದೆ."

ನನಗೆ ನೆನಪಾಯಿತು. ವಾರಕ್ಕೆ ಐದು ದಿನ ಕೆಲಸಕ್ಕೆ ಮುಂಚೆ ಮಾಂಗೆರೆ ಗುಡ್ಡ ಸುತ್ತುತ್ತಿದ್ದಳು. ಚರ್ಚಿನ ಹಾಲ್‌ನಲ್ಲಿ ಹುಡುಗಿಯರ ಜೊತೆ ಕುಣಿಯುತ್ತಿದ್ದಳು. ಗೆಡ್ಡೆ ಗೆಣಸು ಬಿಟ್ಟಳು, ಬ್ರೆಡ್ ಬಿಟ್ಟಳು, ಒಂದು ವರ್ಷವಂತೂ ಕ್ರಿಸ್‌ಮಸ್‌ಗೂ ಹಂದಿಮರಿಯ ಚೂರು ಮುಟ್ಟಲಿಲ್ಲ. ಇಳಿದಾಗ ನಾವು ಹೊಗಳಿದೆವು, ಏರಿದಾಗ ಆಡಿಕೊಂಡೆವು.

"ತಿಂದ್ಲು, ಬಂತು. ಅದ್ರಲ್ಲೇನು ಸೋಜಿಗ?" ಎಂದೆ ನಾನು.

"ಅಷ್ಟು ಸಲೀಸಲ್ಲ ಅಮ್ಮಾ. ತೂಕ ಇಳೀತಾ ಬಂದ ಹಾಗೆ ಮೈ ಏನೋ ಬರಗಾಲ ಬಂತು ಅಂದ್ಕೊಂಡುಬಿಡುತ್ತೆ. ಹಸಿವು ಜಾಸ್ತಿ ಮಾಡುತ್ತೆ, ಶಕ್ತಿ ಉಳಿಸ್ಕೊಳ್ಳೋಕೆ ನೋಡುತ್ತೆ. ನಮಗೆ ನಿಮಗೆ ಹಸಿವಾದಾಗ ಒಂದು ಬ್ರೆಡ್ ತಿಂದ್ರೆ ಸುಮ್ನಾಗುತ್ತಲ್ಲ, ಇವಳಿಗೆ ಸುಮ್ನಾಗಲ್ಲ. ಇವಳ ಮನಸ್ಸು ಗಟ್ಟಿನೇ ಇದೆ. ಮೈ ಮಾತು ಕೇಳ್ತಾ ಇಲ್ಲ."

"ಅದಕ್ಕೆ ದೇವರು ಕೊಟ್ಟ ಹೊಟ್ಟೆ ಕತ್ತರಿಸಿ ಬಿಸಾಕೋದಾ?"

"ದೇವರು ಕೊಟ್ಟ ಹಲ್ಲು ಕೀಳಿಸ್ಕೊಂಡು ಕಟ್ಟಿಸ್ಕೊಂಡಿದೀರಲ್ಲ, ಆಗ ಕೇಳಿದ್ರಾ ದೇವರನ್ನ?"

ಲೆಸಿಯೇಲಿ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಕೊಂಡಳು. ನಾನು ಬಾಯಿ ಮುಚ್ಚಿಕೊಂಡೆ. ಕಟ್ಟಿಸಿದ ಹಲ್ಲು ಕಾಣಬಾರದಲ್ಲ.

ಸೇಯಿನಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಣ್ಣ ಸಣ್ಣ ತೂತು ಮಾಡಿ, ಹೊಟ್ಟೆಯ ಬಹುಪಾಲು ತೆಗೆದು, ಬಾಳೆಹಣ್ಣಿನಷ್ಟು ಉಳಿಸುತ್ತಾರೆ. ಸ್ವಲ್ಪಕ್ಕೇ ಹೊಟ್ಟೆ ತುಂಬುತ್ತದೆ, ಹಸಿವೂ ತಗ್ಗುತ್ತದೆ. ಬಹಳ ಜನರಿಗೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ. ಅಪಾಯವನ್ನೂ ಮುಚ್ಚಿಡಲಿಲ್ಲ. ರಕ್ತಸ್ರಾವ ಆಗಬಹುದು, ಕೀವಾಗಬಹುದು, ಹೊಲಿಗೆ ಸೋರಬಹುದು. ಅದು ಅಪರೂಪ, ಆದರೆ ಆಗುವುದೇ ಇಲ್ಲ ಎನ್ನುವ ಹಾಗಿಲ್ಲ. ವಿಟಮಿನ್ ಮಾತ್ರೆ ಬದುಕಿರುವವರೆಗೂ ನುಂಗಬೇಕು, ರಕ್ತ ಪರೀಕ್ಷೆ ತಪ್ಪಿಸಬಾರದು.

"ಇದು ಮಂತ್ರ ಅಲ್ಲ ಅಮ್ಮಾ," ಎಂದಳು. "ಎಲ್ಲರಿಗೂ ಮಾಡೋದೂ ಇಲ್ಲ. ತೂಕ, ಎತ್ತರ, ಇರೋ ಕಾಯಿಲೆ, ಮನಸ್ಸಿನ ಆರೋಗ್ಯ ಎಲ್ಲಾ ನೋಡಿ ಡಾಕ್ಟ್ರು ತೀರ್ಮಾನ ಮಾಡ್ತಾರೆ."

ವಾಪಸ್ ಬರುವಾಗ ಕಾರಿನಲ್ಲಿ ಲೆಸಿಯೇಲಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಹೂಂ, ಮಾಡಿಸ್ಕೋ," ಎಂದುಬಿಟ್ಟೆ. ಅರ್ಧ ಮನಸ್ಸಿನಿಂದಲೇ ಅಂದದ್ದು. ಅವಳು ಎಂಟು ತಿಂಗಳು ಒಂದು ಭೇಟಿಯನ್ನೂ ತಪ್ಪಿಸದೆ ಆಸ್ಪತ್ರೆಗೆ ಓಡಾಡಿದಳು. ಕೊನೆಗೆ ಆಪರೇಷನ್ನಿಗೆ ದಿನ ನಿಗದಿಯಾಯಿತು.

ಇಲ್ಲಿ ನಾನು ಮಾಡಿದ ಘನಕಾರ್ಯ ಹೇಳಬೇಕು.

ಆಪರೇಷನ್ನಿಗೆ ಮುಂಚೆ ಎರಡು ವಾರ ಆಸ್ಪತ್ರೆಯವರು ಹೇಳಿದ ಪುಡಿಯನ್ನು ಕಲಸಿ ಕುಡಿಯಬೇಕು, ಬೇರೇನೂ ತಿನ್ನಬಾರದು. ಇದು ನನಗೆ ಗೊತ್ತಿತ್ತು. ಆದರೆ ನಮ್ಮಲ್ಲಿ ಹಡಗು ಹತ್ತುವವರಿರಲಿ, ಆಸ್ಪತ್ರೆಗೆ ಹೋಗುವವರಿರಲಿ, ಔತಣ ಮಾಡದೆ ಕಳಿಸುವುದುಂಟೆ? ಎರಡನೇ ವಾರದ ಭಾನುವಾರ ಚರ್ಚಿನ ಹಾಲ್‌ನಲ್ಲಿ ಉದ್ದದ ಮೇಜು ಹಾಕಿಸಿದೆ. ನೆಲದಲ್ಲಿ ತೋಡಿದ ಒಲೆಯಲ್ಲಿ ಹಂದಿಮರಿ ಬೆಂದಿತು. ಕೆಸುವಿನ ಎಲೆಯಲ್ಲಿ ಉಪ್ಪುಮಾಂಸ, ತೆಂಗಿನಹಾಲು ಹಾಕಿ ಸುತ್ತಿದ ಲೂ ಅರವತ್ತು ಪೊಟ್ಟಣ ಬೆಂದವು. ಲೆಸಿಯೇಲಿಗೆ ನನ್ನ ಕೈಯಾರೆ ಬಡಿಸಿದೆ.

ಅವಳು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಗಂಡ ಕೇಪು ಪಕ್ಕದಲ್ಲಿ, "ಅತ್ತೆ, ಡಾಕ್ಟ್ರು..." ಎಂದು ಬಾಯಿ ತೆರೆದ.

"ಡಾಕ್ಟ್ರೇನು ಇಲ್ಲಿ ಬಂದು ನೋಡ್ತಾರಾ? ಒಂದಿನ ತಿಂದ್ರೆ ಏನಾಗಲ್ಲ. ಆಪರೇಷನ್ ಆದ್ಮೇಲೆ ಪಾಪ ಬಾಳೆಹಣ್ಣಿನಷ್ಟು ಹೊಟ್ಟೆ. ತಿನ್ನು ಮಗಳೇ!"

ಅವಳು ತಿಂದಳು. ಊರವರೆಲ್ಲ ನೋಡುತ್ತಿರುವಾಗ ಸೋದರತ್ತೆಗೆ ಬೇಡ ಎನ್ನಲಾರದೆ ತಿಂದಳು. ಉಳಿದದ್ದನ್ನು ಮೂರು ಡಬ್ಬಿಗೆ ತುಂಬಿ ಮನೆಗೂ ಕಳಿಸಿದೆ. ಮರುದಿನವೂ ಅದರ ಮರುದಿನವೂ ನೆಂಟರು ಒಬ್ಬೊಬ್ಬರಾಗಿ ಡಬ್ಬಿ ಹಿಡಿದು ಬಂದರು. ಔತಣಕ್ಕೆ ಅತ್ತೆಯೇ ಬಾಗಿಲು ತೆರೆದ ಮೇಲೆ ಅವರನ್ನು ತಡೆಯುವವರು ಯಾರು?

ಆಪರೇಷನ್ನಿನ ಹಿಂದಿನ ತಪಾಸಣೆಯಲ್ಲಿ ತೂಕ ನೋಡಿದರು. ಇಳಿಯಬೇಕಾದದ್ದು ಎರಡು ಕಿಲೊ ಏರಿತ್ತು. ಸರ್ಜನ್ ಗದರಲಿಲ್ಲ, ಮೆಲ್ಲಗೇ ಹೇಳಿದರಂತೆ: ಹೊಟ್ಟೆಯ ಮೇಲೆ ಕೊಬ್ಬು ತುಂಬಿದ ಲಿವರ್ ಕವುಚಿಕೊಂಡಿರುತ್ತದೆ, ಅದು ಕುಗ್ಗಲೆಂದೇ ಈ ಎರಡು ವಾರದ ಪಥ್ಯ, ಕುಗ್ಗದಿದ್ದರೆ ಕೈ ಹಾಕುವುದು ಅಪಾಯ. ಹೊಸ ದಿನ ನಾಲ್ಕು ತಿಂಗಳ ಆಚೆಗೆ ಹೋಯಿತು. ಅವಳ ಕಿಡ್ನಿಗೆ ಪೆಟ್ಟು ಬೀಳುತ್ತಿದ್ದ ನಾಲ್ಕು ತಿಂಗಳು.

ನಾನು ಸುಮ್ಮನಿರುತ್ತೇನೆಯೇ? ಕ್ಲಿನಿಕ್ಕಿಗೆ ನುಗ್ಗಿ ಸೇಯಿನಿಯ ಮೇಲೆ ಹಾರಾಡಿದೆ. "ಎರಡು ಕಿಲೊಗೆ ಇಷ್ಟು ದೊಡ್ಡ ಶಿಕ್ಷೆನಾ? ನಮ್ಮ ಹುಡುಗಿ ಅಂದ್ರೆ ನಿಮಗೆಲ್ಲ ಸದರ ಆಗೋಯ್ತಾ?"

ಸೇಯಿನಿ ಬಾಗಿಲು ಹಾಕಿ ಬಂದಳು. "ಯಾಕೆ ತಿಂದೆ ಅಂತ ಸರ್ಜನ್ ಕೇಳಿದಾಗ ಲೆಸಿಯೇಲಿ ಏನಂದ್ಲು ಗೊತ್ತಾ? 'ನಂದೇ ತಪ್ಪು, ನಾನೇ ತಿಂದೆ' ಅಂದ್ಲು. ನಿಮ್ಮ ಹೆಸರು ಎತ್ತಲಿಲ್ಲ. ಈಗ ನಾನು ಕೇಳ್ತೀನಿ ಅಮ್ಮಾ, ಬಡಿಸಿದ್ದು ಯಾರು?"

ನಾಚಿಕೆಯಿಂದ ಸತ್ತುಹೋಗುವ ಹಾಗಾಯಿತು. ಅತ್ತಿಗೆ ಕೂತಿದ್ದ ಆ ಕುರ್ಚಿಯ ಕಡೆಗೆ ಅವಳ ಮಗಳನ್ನು ನಾನೇ ಕೈ ಹಿಡಿದು ನಡೆಸಿದ್ದೆ, ಅದೂ ಪ್ರೀತಿಯ ಹೆಸರಿನಲ್ಲಿ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತೆ. "ಎಲ್ಲರೂ ಕೇಳಿಸ್ಕೊಳ್ಳಿ. ಲೆಸಿಯೇಲಿ ಆಪರೇಷನ್ ತಪ್ಪಿಸಿದವಳು ನಾನು. ಇನ್ನು ಮೇಲೆ ಅವಳ ಮನೆಗೆ ಯಾರಾದ್ರೂ ಡಬ್ಬಿ ತಗೊಂಡು ಹೋದ್ರೆ ನನ್ನ ಹತ್ರ ಮಾತಾಡ್ಬೇಕಾಗುತ್ತೆ." ಯಾರೂ ಮಾತಾಡಲು ಬರಲಿಲ್ಲ, ನನ್ನ ಬಾಯಿ ಅವರಿಗೆ ಗೊತ್ತು.

ನಾಲ್ಕು ತಿಂಗಳು ಕಳೆದು ಮತ್ತೆ ಆ ಎರಡು ವಾರ ಬಂತು. ಅವಳಿಗೆ ಜೊತೆಯಾಗಲೆಂದು ನಾನೂ ಆ ಪುಡಿ ಕಲಸಿ ಕುಡಿದೆ. ಸುಣ್ಣದ ನೀರಿನ ರುಚಿ. ಮೊದಲ ದಿನ ಮಧ್ಯಾಹ್ನಕ್ಕೇ ಕೈ ನಡುಗಿತು. ಎರಡನೇ ದಿನ ನೆರೆಮನೆಯಲ್ಲಿ ಮಾಂಸ ಸುಡುವ ವಾಸನೆಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸುದ್ದಿ ತಿಳಿದು ಸೇಯಿನಿ ಓಡಿ ಬಂದಳು.

"ನಿಮಗೆ ಯಾರಮ್ಮಾ ಇದನ್ನ ಕುಡೀರಿ ಅಂದಿದ್ದು? ಬಿಪಿ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳ್ದೆ ಹೀಗೆಲ್ಲ ಮಾಡಿದ್ರೆ ನಿಮ್ಮನ್ನೇ ಮೊದಲು ಅಡ್ಮಿಟ್ ಮಾಡ್ಬೇಕಾಗುತ್ತೆ. ಏಳಿ, ಊಟ ಮಾಡಿ!"

ಊಟ ಮಾಡಿದೆ. ನನ್ನ ಉಪವಾಸ ಒಂದೂವರೆ ದಿನಕ್ಕೆ ಮುಗಿಯಿತು. ಲೆಸಿಯೇಲಿ ಹದಿನಾಲ್ಕು ದಿನ ಮುಗಿಸಿದಳು. ಡಾಕ್ಟರು ಇನ್ಸುಲಿನ್ ಅಳತೆ ತಗ್ಗಿಸಿಕೊಟ್ಟಿದ್ದರು. ಕೆಲಸಕ್ಕೆ ರಜೆ ಹಾಕಲಿಲ್ಲ. ಮುದುಕರಿಗೆ ತಾನೇ ಗಂಜಿ ತಿನ್ನಿಸಿ, ಚಮಚವನ್ನು ತನ್ನ ನಾಲಿಗೆಗೆ ತಾಕಿಸದೆ ತೊಳೆದಿಟ್ಟಳು. ಸೋಮಾರಿಗಳ ದಾರಿ ಎಂದಿದ್ದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು. ಆಮೇಲಿನ ದಿನಗಳು ಹೂವಿನ ಹಾಸಿಗೆಯಾಗಿರಲಿಲ್ಲ. ಮೊದಲು ಗುಟುಕು ಗುಟುಕು ನೀರು, ಆಮೇಲೆ ನುಣ್ಣಗೆ ಅರೆದದ್ದು, ವಾರಗಳಾದ ಮೇಲೆ ಮೆತ್ತಗಿನ ಊಟ. ಒಂದು ಸಲ ಅವಸರದಲ್ಲಿ ಮೀನು ನುಂಗಿ ವಾಂತಿ ಮಾಡಿಕೊಂಡು ಅತ್ತಳು. ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು. "ಅತ್ತೆ, ನಂಗೆ ಹಸಿವಿಲ್ಲ, ಆದ್ರೆ ಭಾನುವಾರದ ಊಟ ನೆನಪಾದ್ರೆ ದುಃಖ ಬರುತ್ತೆ," ಎಂದು ಒಂದು ದಿನ ಹೇಳಿದಳು. ಅದನ್ನು ಹೇಳಿಕೊಳ್ಳಲೂ ಆಸ್ಪತ್ರೆಯಲ್ಲಿ ಒಬ್ಬ ಆಪ್ತ ಸಲಹೆಗಾರರಿದ್ದರು, ಅವರ ಹತ್ತಿರವೂ ಹೋಗಿ ಬಂದಳು. ಮಾತ್ರೆ ಬಿಡಲಿಲ್ಲ, ಗುಡ್ಡ ಸುತ್ತುವುದನ್ನೂ ಬಿಡಲಿಲ್ಲ.

ವರ್ಷ ತುಂಬುವಾಗ ನಲವತ್ತೊಂದು ಕಿಲೊ ಇಳಿದಿತ್ತು. ಇನ್ಸುಲಿನ್ ಚುಚ್ಚುವುದನ್ನು ಡಾಕ್ಟರೇ ನಿಲ್ಲಿಸಿದರು, ಈಗ ಒಂದು ಮಾತ್ರೆ ಉಳಿದಿದೆ. ಮೂತ್ರದಲ್ಲಿ ಹೋಗುತ್ತಿದ್ದ ಪ್ರೋಟೀನ್ ಬಹಳ ತಗ್ಗಿದೆ. ಪೂರ್ತಿ ಹೋಗಿಲ್ಲ, ಆರು ತಿಂಗಳಿಗೊಮ್ಮೆ ನೋಡುತ್ತಲೇ ಇರಬೇಕು. ಆದರೆ ಆ ಕುರ್ಚಿ ಸದ್ಯಕ್ಕೆ ದೂರ ಸರಿದಿದೆ.

ಮೊನ್ನೆ, ಮೇ ತಿಂಗಳಲ್ಲಿ ನಮ್ಮ ಚರ್ಚಿನವರು ಮಕ್ಕಳಿಗೆಂದೇ ಆಚರಿಸುವ ಮಕ್ಕಳ ಭಾನುವಾರದ ಔತಣ. ಅದೇ ಹಾಲ್, ಅದೇ ಉದ್ದದ ಮೇಜು, ಊರೆಲ್ಲ ನೆರೆದಿತ್ತು. ಲೆಸಿಯೇಲಿ ಚಿಕ್ಕ ತಟ್ಟೆ ಇಟ್ಟುಕೊಂಡು ಕೂತಿದ್ದಳು. ನಾನು ಎರಡು ಚಮಚ ಲೂ, ಒಂದು ಚೂರು ಮೀನು ಬಡಿಸಿದೆ. ನಿಧಾನವಾಗಿ ಅಗಿದು ತಿಂದಳು. ಎಷ್ಟು ದಿನದ ಮೇಲೆ ನನ್ನ ಕೈಯ ಲೂ ತಿನ್ನುತ್ತಿದ್ದಾಳೆ ಎಂದು ನನಗೆ ಹೊಟ್ಟೆ ತಣ್ಣಗಾಯಿತು. ಆ ಸಂತೋಷಕ್ಕೆ ಮೈಮರೆತು ಸೌಟು ತುಂಬಿ ಮತ್ತೆ ಮುಂದೆ ಚಾಚಿದೆ.

ಲೆಸಿಯೇಲಿ ತಟ್ಟೆಗೆ ಕೈ ಅಡ್ಡ ಹಿಡಿದಳು.

ಮೇಜಿನ ಉದ್ದಕ್ಕೂ ತಲೆಗಳು ನಮ್ಮ ಕಡೆ ತಿರುಗಿದವು. ಕೇಪು ತಲೆ ತಗ್ಗಿಸಿದ. ನನ್ನ ಆಯುಸ್ಸಿನಲ್ಲಿ ಯಾರೂ ನನಗೆ ಹಾಗೆ ಮಾಡಿರಲಿಲ್ಲ. ಅವಳು ಮಾತ್ರ ಕೈ ಸರಿಸಲಿಲ್ಲ.

"ಅತ್ತೆ, ಸಾಕು," ಎಂದಳು.

ನನಗೆ ಅಳು ಬಂತು, ನಗುವೂ ಬಂತು. ಇಷ್ಟು ಧೈರ್ಯದ ಹುಡುಗಿಯನ್ನು ಮನಸ್ಸು ಗಟ್ಟಿಯಿಲ್ಲದವಳು ಅಂದುಕೊಂಡಿದ್ದೆನಲ್ಲ! "ಸರಿ ಮಗಳೇ," ಎಂದು ಸೌಟನ್ನು ಪಾತ್ರೆಗೆ ವಾಪಸ್ ಹಾಕಿದೆ. ಆಮೇಲೆ ಬಾಯಿಬಿಟ್ಟು ನೋಡುತ್ತಿದ್ದವರ ಕಡೆ ತಿರುಗಿದೆ. "ಏನು ನೋಡ್ತಾ ಇದೀರಾ? ನಿಮ್ಮ ನಿಮ್ಮ ತಟ್ಟೆ ನೋಡ್ಕೊಳ್ಳಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಪಥ್ಯ ಮಾಡಿ, ನಡೆದು, ಬೆವರಿ, ಆದರೂ ತೂಕ ಇಳಿಯದೆ ಕಾಯಿಲೆ ಏರುತ್ತಿದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ಸೋತದ್ದು ನೀವಲ್ಲ. ಡಾಕ್ಟರ ಬಳಿ ಹೋಗಿ, ಆಪರೇಷನ್ ನನಗೆ ಸರಿಹೊಂದುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಒಳ್ಳೆಯದನ್ನೂ ಕೇಳಿ, ಅಪಾಯವನ್ನೂ ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡಿ. ಇನ್ನು ನನ್ನಂತೆ ಬಡಿಸುವ ಕೈಯವರಿಗೆ ಒಂದೇ ಮಾತು: ನಿಮ್ಮ ಮನೆಯ ಮಗಳು ತಟ್ಟೆಗೆ ಕೈ ಅಡ್ಡ ಹಿಡಿದರೆ ಸೌಟು ಕೆಳಗಿಡಿ. ನನ್ನ ಹುಡುಗಿ ಅಷ್ಟು ಜನರ ಮುಂದೆ ಕೈ ಅಡ್ಡ ಹಿಡಿಯಬೇಕಾಯಿತು. ನಿಮ್ಮವಳಿಗೆ ಆ ಕಷ್ಟ ಕೊಡಬೇಡಿ, ಮೊದಲೇ ಕೇಳಿ: "ಸಾಕಾ ಮಗಳೇ?"