ಬೆಳ್ಳಿ ಮರಿಯ ನಾಲಿಗೆ

"ನಿನ್ನ ಕೈಗೆ ಸಿಕ್ಕಿದ ಮರಿ ಉಳಿಯೋದುಂಟಾ? ಇವತ್ತಿಂದ ದೊಡ್ಡಿಗೆ ಕಾಲಿಡಬೇಡ!"

ಅತ್ತೆ ಹಾಲಿನ ಬಾಟಲಿಯನ್ನು ಸೊಸೆಯ ಕೈಯಿಂದ ಕಿತ್ತುಕೊಂಡಳು. ಹುಲ್ಲಿನ ಮೇಲೆ ಈ ಹಂಗಾಮಿನ ಐದನೆಯ ಕುರಿಮರಿ ಸತ್ತು ಬಿದ್ದಿತ್ತು. ಹೊಟ್ಟೆ ನಗಾರಿಯಂತೆ ಉಬ್ಬಿತ್ತು.

"ನಾನೇನು ವಿಷ ಹಾಕಿದ್ನಾ ಅತ್ತೆ? ಎಲ್ಲದಕ್ಕೂ ಒಂದೇ ಹುಲ್ಲು, ಒಂದೇ ನೀರು. ಮಿಕ್ಕವು ಕುಣೀತಾ ಇಲ್ವಾ?"

"ಅವು ಗಟ್ಟಿ ಜೀವ. ನಿನ್ನ ಕೈ ತಡ್ಕೊಂಡಿವೆ" ಎಂದ, ಗೇಟಿಗೆ ಒರಗಿ ನಿಂತಿದ್ದ ಅತ್ತೆಯ ತಮ್ಮ.

ಎಂಟು ವರ್ಷದಿಂದ ದೊಡ್ಡಿ ಸೊಸೆಯದೇ. ಯಾವ ಕುರಿ ಕೆಮ್ಮಿತೆಂದು ಅಡುಗೆಮನೆಯಲ್ಲಿ ಕೂತೇ ಹೇಳುತ್ತಿದ್ದಳು. ಈಗ ಅದೇ ದೊಡ್ಡಿಗೆ ಅವಳು ಹೊರಗಿನವಳು.

ಮೊದಲು ಆ ಮನೆಯಲ್ಲಿ ಇದ್ದದ್ದೆಲ್ಲ ಕರಿ ಕುರಿ. ಬೂದು ಉಣ್ಣೆಯನ್ನು ಜನ ಹುಡುಕಿಕೊಂಡು ಬರತೊಡಗಿದ ಮೇಲೆ ಕರಿಯವನ್ನೆಲ್ಲ ಮಾರಿ ಬರೀ ಬೂದು ಕುರಿ ತಂದರು. ಅತ್ತೆಯ ತಮ್ಮ ತನ್ನ ಬೂದು ಟಗರನ್ನು ತಂದು ಬಿಟ್ಟ. ಮರಿಗಳು ಹಾಲು ಬಿಟ್ಟು ಹುಲ್ಲಿಗೆ ಬಾಯಿ ಹಾಕುವ ಹೊತ್ತಿಗೆ ಸಾಯತೊಡಗಿದ್ದು ಆಮೇಲೆಯೇ. ಅದು ಯಾರ ತಲೆಗೂ ಹೊಳೆಯಲಿಲ್ಲ. ಮನೆಯಲ್ಲಿ ಏನೇ ಕೆಟ್ಟರೂ ಸೊಸೆಯ ಮುಖ ನೋಡುವವರು ನಾವು. ಟಗರಿನ ಮುಖ ಯಾರು ನೋಡುತ್ತಾರೆ?

ಉಳಿದ ಮರಿಗಳಲ್ಲಿ ತೀರಾ ತಿಳಿಬಣ್ಣದ ಒಂದು ಎಳೆಮರಿ ಇತ್ತು. ಬೆಳ್ಳಿ ಎಂದು ಕರೆಯುತ್ತಿದ್ದರು. ಅತ್ತೆ ಅದನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. "ಮರಿ ಸಾಕೋದು ಹೇಗೆ ಅಂತ ತೋರಿಸ್ತೀನಿ, ನೋಡ್ತಾ ಇರು!"

ಮೂರನೆಯ ದಿನ ಲಸಿಕೆ ಹಾಕಲು ಪಶುವೈದ್ಯೆ ಬಂದರು. ಸತ್ತ ಮರಿಗಳ ಸುದ್ದಿ ಕೇಳಿ ಸೊಸೆಯನ್ನು ಕರೆಸಿದರು.

"ಅವುಗಳ ನಾಲಿಗೆ ಯಾವ ಬಣ್ಣ ಇತ್ತಮ್ಮ?"

ಔಷಧಿ ಕುಡಿಸಲು ಒಂದೊಂದರ ಬಾಯನ್ನೂ ತೆರೆದವಳು ಅವಳೇ. "ತಿಳಿಗುಲಾಬಿ, ಡಾಕ್ಟರಮ್ಮ. ಐದಕ್ಕೂ. ಕಿವಿಯೂ ಬೆಳ್ಳಗೆ."

"ಬದುಕಿರೋ ಬೂದು ಮರಿಗಳದು?"

ಅವಳು ಓಡಿ ಒಂದರ ಬಾಯಿ ತೆರೆದಳು. ಇನ್ನೊಂದರದು. ಮತ್ತೊಂದರದು. "ಕಪ್ಪು! ಎಲ್ಲದರದೂ ಕಪ್ಪು!"

"ಈ ಬೂದು ತಳಿಯ ಗುಟ್ಟೇ ಇದು" ಎಂದರು ಡಾಕ್ಟರಮ್ಮ. "ಮರಿಗೆ ಬಣ್ಣದ ಎರಡು ಪಾಲು ಬರುತ್ತೆ. ತಾಯಿದೊಂದು, ತಂದೆದೊಂದು. ಬೂದು ಒಂದು ಪಾಲು ಬಂದ್ರೆ ಗಟ್ಟಿಮುಟ್ಟಾದ ಬೂದು ಮರಿ. ಎರಡೂ ಪಾಲು ಬೂದೇ ಆದ್ರೆ ಇಂಥ ತಿಳಿಬಣ್ಣದ, ಗುಲಾಬಿ ನಾಲಿಗೆಯ ಮರಿ, ಅದರ ಹೊಟ್ಟೆ ಕೆಲಸ ಮಾಡಲ್ಲ. ಬೂದಿಗೆ ಬೂದು ಕೂಡಿಸಿದ್ರೆ ಸುಮಾರು ನಾಲ್ಕಕ್ಕೆ ಒಂದು ಹೀಗೆ."

"ಬಣ್ಣಕ್ಕೂ ಹೊಟ್ಟೆಗೂ ಎಲ್ಲಿಂದೆಲ್ಲಿಯ ಸಂಬಂಧ? ನನಗೆ ಕಥೆ ಹೇಳ್ಬೇಡಿ" ಎಂದಳು ಅತ್ತೆ.

"ಕಥೆಗಿಂತ ದೊಡ್ಡದು ಕಣಮ್ಮ. ಮರಿ ಗರ್ಭದಲ್ಲಿ ಒಂದು ಕಾಳಿನಷ್ಟಿರುವಾಗ ಬೆನ್ನಿನುದ್ದಕ್ಕೂ ಕಣ್ಣಿಗೆ ಕಾಣದ ಕಣಗಳ ಸಾಲು ಇರುತ್ತೆ. ಅಲ್ಲಿಂದ ಕೆಲವು ಚರ್ಮಕ್ಕೆ ನಡೆದು ಬಣ್ಣ ಕೊಡ್ತವೆ. ಕೆಲವು ಹೊಟ್ಟೆಗೆ ನಡೆದು, ಮೇವನ್ನ ಮುಂದೆ ತಳ್ಳೋ ನರ ಆಗ್ತವೆ. ಹೊರಟಿದ್ದು ಒಂದೇ ಮನೆಯಿಂದ. ಎರಡು ಪಾಲು ಬೂದಾದ್ರೆ ಆ ನಡಿಗೆಯೇ ಕೆಡುತ್ತೆ. ಕುದುರೆಯಲ್ಲೂ ಒಂದು ಬಗೆಯ ಬಿಳಿ ಮಚ್ಚೆ ಹೀಗೇ. ಎರಡು ಪಾಲು ಬಂದ ಮರಿ ಹಾಲಿನಂತೆ ಬಿಳಿ, ಕೆಲವೇ ದಿನದ ಜೀವ."

ಸೊಸೆ ಪಕ್ಕದ ಕುರಿಯ ಬೆನ್ನ ಮೇಲೆ ಕೈಯಿಟ್ಟು ಹಾಗೇ ನಿಂತಳು. ಇಷ್ಟು ವರ್ಷ ತಾನು ಕತ್ತರಿಸಿ ಗುಡ್ಡೆ ಹಾಕಿದ ಉಣ್ಣೆಯ ಹಿಂದೆ ಇಂಥದೊಂದು ಪ್ರಯಾಣವಿತ್ತೇ! ಯಾರೂ ದಾರಿ ತೋರಿಸದೆ, ಕತ್ತಲ ಗರ್ಭದಲ್ಲಿ, ಬಣ್ಣವೂ ಹಸಿವೂ ಜೊತೆಯಾಗಿ ನಡೆದು ಬಂದವೇ! ಬೆರಳ ಕೆಳಗಿನ ಬೆಚ್ಚನೆಯ ಬೆನ್ನು ಅವಳಿಗೆ ಹೊಸದಾಗಿ ಕಂಡಿತು.

ಅತ್ತೆ ಒಳಗೆ ಹೋಗಿ ಬೆಳ್ಳಿಯ ಬಾಯಿ ತೆರೆದು ನೋಡಿದಳು. ಗುಲಾಬಿ.

"ಇದು ಸಾಯಲ್ಲ. ನಾನಿದ್ದೀನಿ" ಎಂದಳು.

ಹಾಲು ಕುಡಿಯುವಷ್ಟು ದಿನ ಬೆಳ್ಳಿ ಮನೆಯೆಲ್ಲ ಕುಣಿಯಿತು. ಹುಲ್ಲು ಕಚ್ಚಲು ಕಲಿತ ವಾರವೇ ಹೊಟ್ಟೆ ಉಬ್ಬಿತು. ಡಾಕ್ಟರಮ್ಮ ಬಂದು ನೋಡಿದರು, ಕೈ ಚೆಲ್ಲಿದರು. ಅತ್ತೆಯ ಮಡಿಲಲ್ಲೇ ಅದರ ಉಸಿರು ನಿಂತಿತು.

"ಬಾರೆ ಇಲ್ಲಿ" ಎಂದು ಸೊಸೆಯನ್ನು ಕರೆದಳು. "ನನ್ನ ಕೈಯಲ್ಲೂ ಹೋಯ್ತಲ್ಲೇ." ಮರಿಯನ್ನು ಮಡಿಲಿಂದ ಇಳಿಸಿ, "ದೊಡ್ಡಿಗೆ ಹೋಗು. ಬೆಳಿಗ್ಗೆಯಿಂದ ಅವು ನಿನ್ನೇ ಕೂಗ್ತಿವೆ" ಎಂದಳು.

ಮುಂದಿನ ಹಂಗಾಮಿಗೆ ತಮ್ಮ ಮತ್ತೆ ಟಗರು ಹಿಡಿದು ಬಂದ. ಅತ್ತೆ ಗೇಟಿಗೆ ಅಡ್ಡ ನಿಂತಳು.

"ಇದು ಬೇಡ ಕಣೋ. ಡಾಕ್ಟರಮ್ಮ ಹೇಳಿದ ಹಾಗೆ ಬೂದು ಕುರಿಗೆ ಕರಿ ಟಗರು ಬೇಕು. ಮರಿಗಳಲ್ಲಿ ಅರ್ಧ ಬೂದು, ಅರ್ಧ ಕಪ್ಪು ಹುಟ್ಟುತ್ತೆ. ಹೀಗೆ ಹೊಟ್ಟೆ ಉಬ್ಬಿ ಒಂದೂ ಸಾಯಲ್ಲ."

"ನನ್ನ ಟಗರಲ್ಲಿ ಐಬು ಅಂತೀಯಾ ಅಕ್ಕಾ? ಸೊಸೆ ಚೆನ್ನಾಗಿ ಕಿವಿ ಊದಿದ್ದಾಳೆ!"

"ನಿನ್ನ ಟಗರಲ್ಲೂ ಐಬಿಲ್ಲ, ನನ್ನ ಕುರಿಯಲ್ಲೂ ಐಬಿಲ್ಲ, ನನ್ನ ಸೊಸೆಯಲ್ಲಂತೂ ಇಲ್ಲವೇ ಇಲ್ಲ. ಜೋಡಿ ತಪ್ಪು. ಇದನ್ನ ಕರಿ ಕುರಿ ಇರೋರ ಮನೆಗೆ ಹೊಡ್ಕೊಂಡು ಹೋಗು."

ಅವನು ಹಗ್ಗ ಜಗ್ಗಿ, ಗೇಟನ್ನು ಒದ್ದು ಹೊರಟೇಬಿಟ್ಟ. ಆ ಸಲ ಬೇರೆಯವರ ಕರಿ ಟಗರು ಬಂತು. ಹುಟ್ಟಿದ ಹತ್ತೊಂಬತ್ತು ಮರಿಗಳೂ ಹುಲ್ಲು ಮೇಯ್ದವು.

ಬೂದು ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಮರಿ ಹುಟ್ಟಿದ ದಿನವೇ ಅದರ ನಾಲಿಗೆ ನೋಡಿ. ಗುಲಾಬಿ ಕಂಡರೆ ಪಶುವೈದ್ಯರನ್ನು ಕೇಳಿ. ಮನೆಯ ಹೆಣ್ಣುಮಗಳ ಮೇಲೆ ಹರಿಹಾಯಬೇಡಿ.

ಆ ತಮ್ಮ ಮಾತ್ರ ಅಕ್ಕನ ಮನೆಗೆ ಮತ್ತೆ ಬರಲೇ ಇಲ್ಲ. ಟಗರು ಹಿಡಿದು ಊರೂರು ಸುತ್ತುತ್ತಿದ್ದಾನಂತೆ. ನಿಮ್ಮ ಬಾಗಿಲಿಗೆ ಬಂದರೆ ಬೈಯಬೇಡಿ, ಕುಡಿಯಲು ನೀರು ಕೊಡಿ. ಆಮೇಲೆ ನಿಮ್ಮ ದೊಡ್ಡಿಯತ್ತ ಒಮ್ಮೆ ತಿರುಗಿ ನೋಡಿ. ಕುರಿ ಕಪ್ಪಿದ್ದರೆ ಅವನನ್ನು ಒಳಗೆ ಕರೆಯಿರಿ. ಬೂದಿದ್ದರೆ ಗೇಟು ಹಾಕಿಕೊಳ್ಳಿ.