ಗ್ರಹಣದ ದಿನದ ಸೌತೆಕಾಯಿ

ಠಪ್, ಠಪ್ — ಬಾಗಿಲಾಚೆ ರಾಜಿ ಎಡಗೈಯಿಂದ ಡಬ್ಬಿ ಬಡಿಯುತ್ತಿದ್ದಾಳೆ, ಬಲಗೈಯಾಗಿದ್ದರೆ ಸದ್ದು ಇಷ್ಟು ಮೆತ್ತಗಿರುವುದಿಲ್ಲ, ಎಡಗೈ ಮಣಿಕಟ್ಟಿಗೇ ಮುಗಿಯುತ್ತದೆ, ತುದಿಯಲ್ಲಿ ತೊಗರಿ ಕಾಳಿನಷ್ಟು ಐದು ಬೆರಳು, ಹುಟ್ಟಿದಾಗಲೂ ಅಷ್ಟೇ, ಮೂರೂವರೆ ವರ್ಷವಾದರೂ ಅಷ್ಟೇ — ಮಲಗಿರಬೇಕು, ಅಂಗಾತ, ಮಿಸುಕದೆ, ಗ್ರಹಣ ಬಿಡುವವರೆಗೆ, ಹೊಟ್ಟೆಯಲ್ಲಿರುವುದಕ್ಕೆ ಆರು ತಿಂಗಳು, ಅತ್ತೆ ಶಂಕ್ರೆವ್ವ ಕಿಟಕಿಗೆ ಗೋಣಿ ಬಿಗಿದು ಹೊಸ್ತಿಲಿಗೆ ಅಡ್ಡ ಕೂತಿದ್ದಾರೆ, ಈ ಸಲ ನಾ ಏಳಂಗಿಲ್ಲ ವಿದ್ಯಾ, ಎಮ್ಮಿ ಸತ್ರೂ ಏಳಂಗಿಲ್ಲ. ತೊಂಬತ್ತೈದರ ದೀಪಾವಳಿಯ ಗ್ರಹಣದಲ್ಲಿ ಎದ್ದಿದ್ದರು, ಆಗ ರಾಜಿ ಹೊಟ್ಟೆಯಲ್ಲಿದ್ದಳು, ಎಮ್ಮೆ ಹಗ್ಗ ಹರಿದುಕೊಂಡಿತ್ತು, ಬಾಗಿಲು ತೆರೆದಿಟ್ಟೇ ಓಡಿದರು, ಬೆಳಕು ನನ್ನ ಮೇಲೆ ಬಿತ್ತು, ಆ ಬೆಳಕೇ ಕೂಸಿನ ಕೈ ತಿಂದಿತೆಂದು ಅವರ ನಂಬಿಕೆ, ಆ ತಪ್ಪಿಗೆಂದು ಹೆರಿಗೆಯಾದಂದಿನಿಂದ ಅವರು ಕಾಲಿಗೆ ಚಪ್ಪಲಿ ಹಾಕಿಲ್ಲ, ಮೇ ತಿಂಗಳ ಸಿಂದಗಿಯ ಡಾಂಬರಿನ ಮೇಲೂ — ಆ ಗ್ರಹಣದಂದು ಅವರು ಹೊರಗೆ ಹೋದಾಗ ನಾನೂ ಎದ್ದಿದ್ದೆ. ಹಸಿವು, ಒಲೆ ಹಚ್ಚಿರಲಿಲ್ಲ, ಬುಟ್ಟಿಯಲ್ಲಿ ಸೌತೆಕಾಯಿ, ಪಕ್ಕದಲ್ಲಿ ಈಳಿಗೆ, ನಾಲ್ಕು ಹೋಳು, ಗ್ರಹಣದಲ್ಲಿ ಬಸುರಿ ಏನನ್ನೂ ಕೊಯ್ಯಬಾರದೆಂದು ಗೊತ್ತಿತ್ತು, ಬಿ.ಎಸ್ಸಿ. ಓದಿದವಳು, ನಕ್ಕು ಕೊಯ್ದೆ, ಅವರು ಬರುವಷ್ಟರಲ್ಲಿ ಅಲಗನ್ನು ಸೆರಗಿನಿಂದ ಒರೆಸಿ ಮಲಗಿದ್ದೆ. ವಿಜಾಪುರದ ಡಾಕ್ಟರು ಹೇಳಿದರಲ್ಲ, ಕೈ ಮೂಡುವುದು ಎರಡನೇ ತಿಂಗಳಲ್ಲಿ, ನಿಮಗೆ ಆಗ ಐದು ನಡೆದಿತ್ತು, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಅತ್ತೆ ಅಂದರು, ಅವರೇನ್ ನಮ್ಮ ಬಾಗಲದಾಗ ನಿಂತಿದ್ರೇನ? ನಾನು ಡಾಕ್ಟರನ್ನು ನಂಬುತ್ತೇನೆ, ನಂಬುತ್ತೇನೆ, ರಾಜಿಗೆ ಎರೆಯುವಾಗ ಮಾತ್ರ ಅವಳ ಎಡಗೈಗೆ ಸೋಪು ಹಚ್ಚಲು ನನ್ನ ಕೈ ಏಳುವುದಿಲ್ಲ —

ಸದ್ದು ನಿಂತಿತು. ರಾಜಿಯ ದನಿ, ಅಜ್ಜಿಯನ್ನು ಕೇಳುತ್ತಿದ್ದಾಳೆ, ಆಯಿ, ನನ್ನ ಕೈ ಯಾರ ತಿಂದ್ರ? ನಾನಽ ತಿಂದೇನಿ ನನ್ನವ್ವಾ. ಸಿಹಿ ಇತ್ತೇನ? ಇಲ್ಲ ತಂಗಿ, ಇನ್ನಾ ಗಂಟಲದಾಗ ಕುಂತೈತಿ. ಕಳ್ಳಿ ಆಯಿ, ಉಗುಳು, ಉಗುಳು — ರಾಜಿ ಕಿಲಕಿಲ ನಗುತ್ತಾಳೆ, ಅತ್ತೆ ನಗುವುದಿಲ್ಲ, ಎದ್ದಿದ್ದೇನೆ, ಗ್ರಹಣ ಬಿಟ್ಟಿಲ್ಲ, ಬಾಗಿಲ ತನಕ ಬಂದಿದ್ದೇನೆ, ಹೇಳಿಬಿಡಲೇ, ನೀವಲ್ಲ ಅತ್ತಿ, ನಾ ಕೊಯ್ದೆ, ಇನ್ನಾದರೂ ಚಪ್ಪಲಿ ಹಾಕಿಕೊಳ್ಳಲಿ ಆ ಮುದುಕಿ — ಹೇಳಿದರೆ ಬೆಳಕಿನ ಸುಳ್ಳು ಹೋಗಿ ಈಳಿಗೆಯ ಸುಳ್ಳು ಬರುತ್ತದೆ, ಅದು ಹೋಗುವುದಿಲ್ಲ, ನಾಳೆ ಶಾಲೆಯಲ್ಲಿ ಯಾರೋ ಅನ್ನುತ್ತಾರೆ, ನಿಮ್ಮವ್ವನಽ ನಿನ್ನ ಕೈ ಕೊಯ್ದಾಳಂತ, ಒಂದ ಸೌತಿಕಾಯಿ ಆಸೇಕ್ಕ, ಆಯಿಯನ್ನು ನಗುತ್ತ ಕ್ಷಮಿಸಿದ ರಾಜಿ ನನ್ನನ್ನು ಕ್ಷಮಿಸಿಯಾಳೇ — ಸಂದಿಗೆ ಕಣ್ಣಿಟ್ಟೆ, ಅತ್ತೆ ಆ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾರೆ, ಒಂದು ಕಣ್ಣಿಗೆ, ಇನ್ನೊಂದಕ್ಕೆ, ಹೇಳುವುದಿಲ್ಲ, ಅತ್ತೆಗೂ ಇಲ್ಲ, ಯಾರಿಗೂ ಇಲ್ಲ, ಕೂಸಿನ ಮಣಿಕಟ್ಟು, ಮುಚ್ಚಿದ ಕಣ್ಣು, ಮಣಿಕಟ್ಟು, ಕಣ್ಣು —