ಎಣಿಕೆಗೆ ಸಿಕ್ಕ ಅಕ್ಕ

ಗ್ರಂಥಾಲಯದ ಸ್ಕ್ಯಾನಿಂಗ್ ಕೋಣೆಯಲ್ಲಿ ಅವಳಿಗೆ ಕತ್ತರಿಯಮ್ಮ ಎಂದೇ ಹೆಸರು. ಪದಗಳ ಬಳಕೆ ಎಣಿಸುವ ಸಂಶೋಧಕರಿಗಾಗಿ ಹಳೆಯ ಪುಸ್ತಕಗಳ ಬೈಂಡು ಕತ್ತರಿಸಿ, ಹಾಳೆಗಳನ್ನು ಯಂತ್ರಕ್ಕೆ ಉಣಿಸಿ, ಆಮೇಲೆ ರದ್ದಿಗೆ ಹಾಕುವುದು ಅವಳ ಕೆಲಸ. ದಿನಕ್ಕೆ ನೂರು ಪುಸ್ತಕ. ಮುಖಪುಟ ನೋಡಲು ಪುರುಸೊತ್ತು ಎಲ್ಲಿಂದ ಬರಬೇಕು? ಹಾಗೆ ಒಂದು ದಿನ, ತನ್ನ ಅಕ್ಕ ಬರೆದ ಒಂದೇ ಒಂದು ಪುಸ್ತಕವನ್ನೂ ಕತ್ತರಿಸಿ ಹಾಕಿದ್ದಳು. ಗೊತ್ತಾದದ್ದು ತಿಂಗಳ ಮೇಲೆ, ಪಟ್ಟಿ ನೋಡುವಾಗ.

ಅಕ್ಕ ತೀರಿಹೋಗಿ ಹನ್ನೊಂದು ವರ್ಷ. ಆ ಪುಸ್ತಕದಲ್ಲಿ ಮನೆಯ ಮಾತನ್ನೆಲ್ಲ ಬೀದಿಗೆ ತಂದಿದ್ದಾಳೆಂದು ಯಾರೋ ಕಿವಿಯೂದಿದ್ದನ್ನು ನಂಬಿ, ಅಕ್ಕ ಕೈಯಾರೆ ಕೊಟ್ಟ ಪ್ರತಿಯನ್ನು ಇವಳು ತೆರೆಯದೆ ವಾಪಸು ಕಳಿಸಿದ್ದಳು. ಆಮೇಲೆ ಮಾತೇ ನಿಂತಿತು. ಮಾರಾಟವಾಗದ ಪ್ರತಿಗಳನ್ನೆಲ್ಲ ಅಕ್ಕನೇ ರದ್ದಿಗೆ ಹಾಕಿದಳಂತೆ. ಈಗ ಸಂಜೆ ಖಾಲಿ ಮನೆಯ ಬೀಗ ತೆಗೆಯುವಾಗಲೆಲ್ಲ ಒಂದೇ ಯೋಚನೆ: ಅಕ್ಕ ನನ್ನ ಬಗ್ಗೆ ಏನು ಬರೆದಿದ್ದಳೋ.

ಉಳಿದದ್ದು ಸಂಶೋಧಕರ ಕಂಪ್ಯೂಟರಿನ ನಕಲು ಮಾತ್ರ. ಕಾನೂನು ವಿಭಾಗದ ಅಧಿಕಾರಿ ಬಿಡಿಸಿ ಹೇಳಿದರು. ಹಕ್ಕುಸ್ವಾಮ್ಯದಲ್ಲಿ ವಿನಾಯಿತಿ ಇರುವುದು ಸಂಶೋಧನೆಗೆ. ಯಂತ್ರ ಓದಿ ಪದಗಳನ್ನು ಎಣಿಸಬಹುದು, ಮನುಷ್ಯರು ತೆರೆದು ಓದುವಂತಿಲ್ಲ. ಕೆಲಸ ಮುಗಿದಿದೆ, ಶುಕ್ರವಾರ ನಕಲನ್ನು ಅಳಿಸುತ್ತಾರೆ. ಓದಬೇಕೆಂದರೆ ಹಕ್ಕುದಾರರ ಒಪ್ಪಿಗೆ ತರಬೇಕು. ಹಕ್ಕುದಾರರೆಂದರೆ ಭಾವ.

ಅಕ್ಕ ಹೋದ ಮೇಲೆ ಮೊದಲ ಸಲ ಭಾವನಿಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ, ಕತ್ತರಿಸಿದ್ದನ್ನೂ, ಮುಚ್ಚುಮರೆಯಿಲ್ಲದೆ ಹೇಳಿದಳು. ನಕಲು ಓದಲು ಒಪ್ಪಿಗೆ ಕೇಳಿದಳು.

"ಅವಳು ಕೈಯಲ್ಲಿಟ್ಟಾಗ ಓದ್ಲಿಲ್ಲ ನೀನು," ಎಂದರು ಭಾವ. "ಹಾಸಿಗೆ ಹಿಡಿದಾಗ್ಲೂ ಕೇಳ್ತಿದ್ಳು, ತಂಗಿ ಓದಿದ್ಳಾ ಅಂತ. ಈಗ ಬೇಡ ಬಿಡಮ್ಮ. ಅಳಿಸ್ಲಿ."

ಸರಿ ಭಾವ, ಎಂದಳು.

ಶುಕ್ರವಾರ ಅಳಿಸಿದರು. ಪದಗಳ ಎಣಿಕೆಯ ಮೇಲೆ ಮಾತ್ರ ಯಾರ ಹಕ್ಕೂ ಇಲ್ಲವಂತೆ. ಅಧಿಕಾರಿಯೇ ಆ ಪಟ್ಟಿಯನ್ನು ಮುದ್ರಿಸಿ ಕೊಟ್ಟರು. ಅಕ್ಕನ ಇಡೀ ಪುಸ್ತಕ ಅಕಾರಾದಿಯಾಗಿ ನಿಂತಿತ್ತು, ಪ್ರತಿ ಪದದ ಮುಂದೆ ಒಂದು ಸಂಖ್ಯೆ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಮೇಜಿಗೆ ಕೂತು ಬೆರಳಿಟ್ಟು ಹುಡುಕಿದಳು. ಜಗಳ, ಒಂದು ಸಲ. ಸಿಟ್ಟು, ಇಲ್ಲವೇ ಇಲ್ಲ. ತಂಗಿ, ಇನ್ನೂರ ಹನ್ನೆರಡು ಸಲ.

ಅಳು ಒತ್ತರಿಸಿ ಬಂತು, ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಪಟ್ಟಿಯ ಮೊದಲ ಪುಟಕ್ಕೆ ತಿರುಗಿಸಿ, ಯಾರೂ ಇಲ್ಲದ ಮನೆಯಲ್ಲಿ ಗಟ್ಟಿಯಾಗಿ, ಮೊದಲ ಪದ 'ಅಂಗಳ'ದಿಂದ ಅಕ್ಕನ ಪುಸ್ತಕ ಓದಲು ಶುರುಮಾಡಿದಳು.